ತುಂಗಭದ್ರೆಯ ಚಿತ್ರಕ್ಕೆ ಕಯಾಕೋ, ಹರಿಗೋಲೋ?

ಹಾವೇರಿ ಜಿಲ್ಲೆಯ ಚೌಡಯ್ಯದಾನಪುರದ ಬಳಿ ನೀರಿನ ಮೇಲಿಂದಲೇ ಹೊಳೆಯ ಚಿತ್ರ ತೆಗೆಯಬೇಕೆನ್ನುವವರಿಗೆ ನನ್ನ ಮೊದಲ ಆಯ್ಕೆ ಕಯಾಕ್, ಅಂದರೆ ನಾವೇ ಹುಟ್ಟು ಹಾಕಿ ನಡೆಸುವ ಕಿರಿದಾದ ಪುಟ್ಟ ದೋಣಿ. ಅದರಲ್ಲಿ ಕುಳಿತಾಗ ಕಣ್ಣು ನೀರಿಗೆ ತೀರ ಹತ್ತಿರ. ಬಂಡೆ, ಜೊಂಡು, ದಡದ ಮರಗಳೆಲ್ಲ ಚೌಕಟ್ಟಿನಲ್ಲಿ ಎತ್ತರವಾಗಿ ಎದ್ದು ನಿಲ್ಲುತ್ತವೆ. ಸದ್ದಿಲ್ಲದೆ ತೇಲುವುದರಿಂದ ಮಿಂಚುಳ್ಳಿಯೂ ಬೇಗ ಬೆದರದು. ತೊಡಕೆಂದರೆ, ಹುಟ್ಟಿಗೆ ಎರಡೂ ಕೈ ಬೇಕು. ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟು ಕ್ಯಾಮೆರಾ ಎತ್ತುವಷ್ಟರಲ್ಲಿ ಅಲಗಿನಿಂದ ಸಿಡಿದ ಹನಿ ಲೆನ್ಸಿಗೆ ಬಿದ್ದಿರುತ್ತದೆ, ದೋಣಿ ಮೂತಿ ತಿರುಗಿಸಿರುತ್ತದೆ. ನೀರು ಹೊಗದ ಚೀಲ, 1/1000 ಸೆಕೆಂಡಿನಷ್ಟು ಚುರುಕಾದ ಶಟರ್, ಎರಡೂ ಬೇಕೇ ಬೇಕು.

ಹರಿಗೋಲಿನಲ್ಲಿ ಹುಟ್ಟು ಅಂಬಿಗರದು, ನಿಮ್ಮ ಕೈ ಖಾಲಿ. ದುಂಡು ತಳ ಗಿರ್ರನೆ ತಿರುಗುವುದು ನಿಜ. ನುರಿತವರು ಅದನ್ನು ಹಿಡಿದು ನಿಲ್ಲಿಸಬಲ್ಲರು. ಭಾರದ ಲೆನ್ಸ್ ಇರುವವರು, ಕಯಾಕ್ ನಡೆಸಿ ಗೊತ್ತಿಲ್ಲದವರು ಇದನ್ನೇ ಹತ್ತಲಿ. ಲೈಫ್ ಜಾಕೆಟ್ ಎರಡರಲ್ಲೂ ಕಡ್ಡಾಯ. ಮಳೆಗಾಲದ ಕೆಂಪು ನೀರಿಗೆ ಯಾವುದನ್ನೂ ಇಳಿಸಬೇಡಿ.