ಇಎನ್‌ಟಿ ಟೀಚಿಂಗ್ ಸೆಟ್: ಗಂಟಲಿಗೆ ಒಳ್ಳೆಯದು, ಮೂಗಿಗೆ ಸಾಲದು, ಕಿವಿಗೆ ಬೇಡ

ಬೆಂಗಳೂರಿನ ಸರ್ಜಿಕಲ್ ಅಂಗಡಿಗಳಲ್ಲಿ ಓಟಿ (ಆಪರೇಷನ್ ಥಿಯೇಟರ್) ಟೆಕ್ನಾಲಜಿ ಕಾಲೇಜುಗಳಿಗೆಂದೇ ಜೋಡಿಸಿ ಕೊಡುವ ಕಿವಿ-ಮೂಗು-ಗಂಟಲು ಉಪಕರಣಗಳ ಸೆಟ್ ಇದು. ಕಂಪನಿ ಹೆಸರಿಲ್ಲ, ನಾನಾ ಕಡೆಯಿಂದ ಬಂದ ಪೀಸುಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟಿರುತ್ತಾರೆ. ಟಾನ್ಸಿಲ್, ಸೆಪ್ಟಮ್ (ಮೂಗಿನ ನಡುಗೋಡೆ), ಎಂಡೋಸ್ಕೋಪಿ (ಮೂಗಿನೊಳಗೆ ಸ್ಕೋಪ್ ಹಾಕಿ ಮಾಡುವುದು), ಮಾಸ್ಟಾಯ್ಡ್ (ಕಿವಿಯ ಹಿಂದಿನ ಎಲುಬು), ಟ್ರೇಕಿಯಾಸ್ಟಮಿ (ಕುತ್ತಿಗೆಯಲ್ಲಿ ಶ್ವಾಸನಾಳ ತೆರೆಯುವುದು) ಎಂದು ಐದು ಟ್ರೇ, ಒಂದು ಪ್ಲಾಸ್ಟಿಕ್ ತಲೆ, ಒಂದು ಕಿವಿ ಎಲುಬಿನ ಮಾದರಿ. ಟಾನ್ಸಿಲ್, ಟ್ರೇಕಿಯಾಸ್ಟಮಿ ಟ್ರೇಗಳನ್ನು ಧೈರ್ಯವಾಗಿ ತೆಗೆದುಕೊಳ್ಳಿ. ಮೂಗಿನ ಎರಡು ಟ್ರೇಗಳಿಗೆ ನಾಲ್ಕಾರು ಸಾಮಾನು ಸೇರಿಸಿಕೊಳ್ಳಬೇಕು. ಕಿವಿಯ ಟ್ರೇಯನ್ನು ಬಿಟ್ಟುಬಿಡಿ.

ಇದನ್ನು ಅಳೆಯಲು ಒಂದೇ ಪ್ರಶ್ನೆ ಸಾಕು: ಈ ಪೀಸಿನಿಂದ ಕೈ ಕಲಿಯುತ್ತದೆಯೇ, ಬರೀ ಬಾಯಿ ಕಲಿಯುತ್ತದೆಯೇ? ಪ್ರಾಕ್ಟಿಕಲ್ ಪರೀಕ್ಷೆಯ ಮೇಜಿನ ಮೇಲೆ ಉಪಕರಣ ತೋರಿಸಿ ಹೆಸರು, ಉಪಯೋಗ ಕೇಳುತ್ತಾರೆ. ಅಷ್ಟಕ್ಕೆ ಫೋಟೋ ಇದ್ದರೂ ನಡೆಯುತ್ತದೆ. ಥಿಯೇಟರಿನಲ್ಲಿ ಸರ್ಜನ್ ರೋಗಿಯ ಬಾಯೊಳಗಿನಿಂದ ಕಣ್ಣು ಕೀಳದೆ ಕೈ ಚಾಚುತ್ತಾರೆ. ಆ ಕೈಗೆ ಬೇಕಾದ ಪೀಸು, ಬೇಕಾದ ದಿಕ್ಕಿಗೆ ತಿರುಗಿಕೊಂಡು ಬಂದು ಕೂರಬೇಕು. ಕಲಿಸಬೇಕಾದದ್ದು ಅದು.

ಟಾನ್ಸಿಲ್ ಟ್ರೇಯಿಂದ ಶುರು ಮಾಡೋಣ, ಸೆಟ್ಟಿನಲ್ಲಿ ದುಡ್ಡಿಗೆ ತಕ್ಕ ಮಾಲು ಇದೇ. ಬಾಯಿ ತೆರೆದಿಡುವ ಬಾಯ್ಲ್-ಡೇವಿಸ್ ಗ್ಯಾಗಿನ ಫ್ರೇಮ್ ಗಟ್ಟಿಯಾಗಿದೆ, ನಾಲಿಗೆ ಒತ್ತುವ ಬ್ಲೇಡಿನ ನಡುವಿನ ಸೀಳು ನಯವಾಗಿದೆ, ಫ್ರೇಮಿನ ಹಲ್ಲುಗಳು ಒಂದೊಂದಾಗಿ ಕಚ್ಚಿಕೊಳ್ಳುತ್ತವೆ. ದೊಡ್ಡ ಬ್ಲೇಡುಗಳು ಫ್ರೇಮಿಗೆ ಸರಿಯಾಗಿ ಕೂರುತ್ತವೆ. ತೀರಾ ಚಿಕ್ಕದು ಮಾತ್ರ ಸಡಿಲ. ಮಾದರಿಯ ಬಾಯಿ ಅಗಲಿಸಿ ಸ್ವಲ್ಪ ಎಳೆದರೆ ಒಂದು ಹಲ್ಲು ಹಿಂದಕ್ಕೆ ಜಾರುತ್ತದೆ. ಮಕ್ಕಳ ಟಾನ್ಸಿಲ್‌ಗೆ ಬೇಕಾಗುವುದು ಆ ಚಿಕ್ಕ ಬ್ಲೇಡೇ, ಆದ್ದರಿಂದ ಅದನ್ನು ಬದಲಾಯಿಸಿಕೊಳ್ಳಲೇಬೇಕು.

ಈ ಗ್ಯಾಗಿನ ಜೊತೆಗೆ ಒಂದು ಅನಸ್ತೇಷಿಯಾ ಟ್ಯೂಬ್ (ರೋಗಿಗೆ ಗಾಳಿ ಕೊಡುವ ಕೊಳವೆ) ಇಟ್ಟುಕೊಂಡರೆ ಅರ್ಧ ದಿನದ ಪಾಠ ಆಗುತ್ತದೆ. ಪ್ಲಾಸ್ಟಿಕ್ ತಲೆಯ ಭುಜದ ಕೆಳಗೆ ಮರಳು ಚೀಲ ಕೊಟ್ಟು ಕುತ್ತಿಗೆ ಹಿಂದಕ್ಕೆ ಬಾಗಿಸಿ, ತಲೆಯ ಕೆಳಗೆ ರಿಂಗ್ ಇಡಿ. ರೋಸ್ ಪೊಸಿಷನ್ ಎನ್ನುವುದು ಇದನ್ನೇ. ಟ್ಯೂಬ್ ಗಲ್ಲದ ಕಡೆಗೆ ಬಾಗಿರಬೇಕು, ಬ್ಲೇಡಿನ ಸೀಳಿನೊಳಗೆ ನಟ್ಟನಡುವೆ ಕೂರಬೇಕು. ಈಗ ಗ್ಯಾಗ್ ಅಗಲಿಸಿ. ಟ್ಯೂಬ್ ಎಳ್ಳಷ್ಟು ಪಕ್ಕಕ್ಕೆ ಸರಿದಿದ್ದರೂ ಬ್ಲೇಡಿನ ಅಂಚು ಅದನ್ನು ಒತ್ತಿ ಚಪ್ಪಟೆ ಮಾಡುವುದು ಕಣ್ಣಿಗೇ ಕಾಣುತ್ತದೆ. ಗ್ಯಾಗ್ ತೆರೆದ ಮೇಲೆ ಅನಸ್ತೇಷಿಯಾದವರು ಗಾಳಿ ಸರಾಗವಾಗಿ ಹೋಗುತ್ತಿದೆ ಎನ್ನುವವರೆಗೆ ಮುಂದಿನ ಪೀಸು ಕೊಡಬಾರದು ಎಂದು ಏಕೆ ಹೇಳುತ್ತೇವೆ ಎಂಬುದು ಆಗ ತಾನಾಗಿ ಅರ್ಥವಾಗುತ್ತದೆ.

ಗ್ಯಾಗನ್ನು ಎತ್ತಿ ಹಿಡಿಯುವ ಡ್ರಾಫಿನ್ ಕಡ್ಡಿಗಳಲ್ಲಿ ಒಂದು ದೋಷವಿದೆ. ಕಡ್ಡಿಗಳನ್ನು ನಿಲ್ಲಿಸುವ ಮ್ಯಾಗೊರನ್ ಪ್ಲೇಟಿನ ಗುಳಿಗಳು ಆಳ ಸಾಲದೆ ಒಂದು ಕಡ್ಡಿ ಜಾರುತ್ತದೆ. ಆಪರೇಷನ್ ನಡುವೆ ಹಾಗಾದರೆ ಗ್ಯಾಗ್ ದಡಕ್ಕನೆ ಕುಸಿದು ಟ್ಯೂಬೂ ಅಲುಗುತ್ತದೆ.

ಉಳಿದವು ಬೇಕಾದ ಅನುಕ್ರಮದಲ್ಲೇ ಇವೆ: ಹಿಡಿಯಲು ಡೆನಿಸ್ ಬ್ರೌನ್ ಫೋರ್ಸೆಪ್ಸ್ (ಇಕ್ಕುಳ), ಬಿಡಿಸಲು ಮೋಲಿಸನ್ ಡಿಸೆಕ್ಟರ್, ಕೆಳಗಿನ ತುದಿ ಕತ್ತರಿಸಲು ಈವ್ಸ್ ಸ್ನೇರ್ (ತಂತಿಯ ಕುಣಿಕೆ), ಮೂಗಿನ ಹಿಂದಿರುವ ಅಡಿನಾಯ್ಡ್ ಕೆರೆದು ತೆಗೆಯಲು ಸೇಂಟ್ ಕ್ಲೇರ್ ಥಾಮ್ಸನ್ ಕ್ಯೂರೆಟ್. ವಿದ್ಯಾರ್ಥಿಗಳು ಎಡವುವುದು ರಕ್ತನಾಳ ಹಿಡಿಯುವ ಎರಡು ಆರ್ಟರಿ ಫೋರ್ಸೆಪ್ಸುಗಳಲ್ಲಿ. ರಕ್ತ ಚಿಮ್ಮುವ ಜಾಗವನ್ನು ಮೊದಲು ಹಿಡಿಯುವುದು ನೇರವಾದ ಬರ್ಕೆಟ್. ಅದರ ಹಿಂದೆ ಬಾಗಿದ ನೀಗಸ್ ಹಾಕಿದ ಮೇಲೆ ಬರ್ಕೆಟ್ ಬಿಚ್ಚುತ್ತಾರೆ, ದಾರದ ಗಂಟು ನೀಗಸ್‌ನ ಬಾಗನ್ನು ಬಳಸಿ ಇಳಿಯುತ್ತದೆ. ಮೊದಲೇ ನೀಗಸ್ ಕೊಟ್ಟರೆ ಸರ್ಜನ್ ಅದನ್ನು ವಾಪಸ್ ಕೊಡುತ್ತಾರೆ, ಅಷ್ಟರಲ್ಲಿ ರಕ್ತ ಗಂಟಲಿಗಿಳಿಯುತ್ತದೆ. ಈ ಸೆಟ್ಟಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಉದ್ದ, ಒಂದೇ ಹಿಡಿ. ಕಣ್ಣುಮುಚ್ಚಿ ತುದಿ ಸವರಿ ಗುರುತಿಸುವ ಅಭ್ಯಾಸಕ್ಕೆ ಹೇಳಿಮಾಡಿಸಿದ ಹಾಗಿದೆ. ಸ್ನೇರಿಗೆ ಬಿಡಿ ತಂತಿ ಕೊಟ್ಟಿಲ್ಲ, ಕೇಳಿ ಪಡೆಯಿರಿ.

ಟ್ರೇಯಲ್ಲಿ ಥ್ರೋಟ್ ಪ್ಯಾಕ್ ಇಲ್ಲ. ಇದನ್ನು ಸಣ್ಣ ಕೊರತೆ ಎಂದುಕೊಳ್ಳಬೇಡಿ. ಮೂಗು, ಬಾಯಿಯ ಆಪರೇಷನ್‌ಗಳಲ್ಲಿ ಗಂಟಲಿಗೆ ತುರುಕಿದ ಗಾಜ್ ಒಳಗೇ ಉಳಿದರೆ ಟ್ಯೂಬ್ ತೆಗೆದ ನಿಮಿಷದಲ್ಲೇ ಉಸಿರು ಕಟ್ಟುತ್ತದೆ. ಒಂದು ಉದ್ದನೆಯ ಗಾಜ್ ತಂದು ಸಲೈನಿನಲ್ಲಿ ಒದ್ದೆ ಮಾಡಿ ಹಿಂಡಿ, ಬಾಲ ಹೊರಗೆ ಬಿಟ್ಟು ಮಾದರಿಯ ಗಂಟಲಿಗೆ ಹಾಕಿಸಿ. ಹಾಕಿದ ಕೂಡಲೇ "ಥ್ರೋಟ್ ಪ್ಯಾಕ್ ಇನ್" ಎಂದು ಜೋರಾಗಿ ಹೇಳಿ ಬೋರ್ಡಿನ ಮೇಲೆ ಬರೆಯಬೇಕು, ತೆಗೆದಾಗ ಮತ್ತೆ ಹೇಳಿ ಅಳಿಸಬೇಕು. ಗಂಟಲಿನ ಅಭ್ಯಾಸ ಮಾಡಿಸುವ ಪ್ರತಿ ಸಲವೂ ಇದನ್ನು ಮಾಡಿಸಿ, ಬಾಯಿಪಾಠವಾಗಿದೆ ಎಂದು ಬಿಡಬೇಡಿ. ಹಾಗೆಯೇ ಟ್ಯೂಬ್ ತೆಗೆಯುವ ಮುನ್ನ ಮೆದು ಅಂಗುಳಿನ ಹಿಂದೆ ಹೆಪ್ಪುಗಟ್ಟಿ ನಿಂತ ರಕ್ತವನ್ನು ಸಕ್ಷನ್ ಮಾಡಿಸಬೇಕು. ಗ್ಯಾಗ್ ತೆಗೆದ ಮೇಲೆ ಆ ಹೆಪ್ಪು ಕಳಚಿ ಕೆಳಗೆ ಬೀಳುತ್ತದೆ.

ಸೆಪ್ಟಮ್ ಟ್ರೇಯಲ್ಲಿ ಮೂಗು ಅಗಲಿಸಿ ನೋಡುವ ಥುಡಿಕಮ್, ಕಿಲಿಯನ್ ಸ್ಪೆಕ್ಯುಲಮ್‌ಗಳು, ಟಿಲ್ಲೀಸ್, ಲ್ಯೂಕ್ಸ್ ಫೋರ್ಸೆಪ್ಸುಗಳು ಚೆನ್ನಾಗಿವೆ. ಬ್ಯಾಲೆಂಜರ್ ಚಾಕುವಿನ ಬ್ಲೇಡ್ ತನ್ನಷ್ಟಕ್ಕೆ ಸುತ್ತ ತಿರುಗುತ್ತದೆ, ತಿರುಗಲೇಬೇಕು. ಕೆಟ್ಟಿರುವುದು ಫ್ರೀಯರ್ ಎಲಿವೇಟರ್. ಅದರ ಒಂದು ತುದಿ ಹರಿತ, ಇನ್ನೊಂದು ಮೊಂಡು ಇರಬೇಕು. ಇಲ್ಲಿ ಎರಡನ್ನೂ ಒಂದೇ ಥರ ಉಜ್ಜಿಬಿಟ್ಟಿದ್ದಾರೆ. ಸೆಪ್ಟಮ್ ಮೇಲಿನ ಪೊರೆ ಎಬ್ಬಿಸಲು ಶುರು ಮಾಡುವ ತುದಿ ಯಾವುದು, ಮುಂದುವರಿಸುವ ತುದಿ ಯಾವುದು ಎಂದು ಕಲಿಯಬೇಕಾದ ವಿದ್ಯಾರ್ಥಿಗೆ ಈ ಪೀಸು ತಪ್ಪನ್ನೇ ಕಲಿಸುತ್ತದೆ. ಬದಲಾಯಿಸಿ.

ಇದೇ ಟ್ರೇಯಲ್ಲಿ ಒಂದೇ ಅಳತೆಯ ಎರಡು ಸ್ಟೀಲ್ ಬಟ್ಟಲುಗಳಿವೆ, ಲೇಬಲ್ ಇಲ್ಲ. ಮೂಗಿನ ಆಪರೇಷನ್‌ನಲ್ಲಿ ದೊಡ್ಡದೊಂದು ಅಪಾಯ ಅಡಗಿರುವುದು ಈ ಬಟ್ಟಲುಗಳಲ್ಲಿ. ಒಂದರಲ್ಲಿ ಮರಗಟ್ಟಿಸಲು, ರಕ್ತ ಕಡಿಮೆ ಮಾಡಲು ಚುಚ್ಚಬೇಕಾದ ಲಿಗ್ನೋಕೇನ್-ಅಡ್ರಿನಲಿನ್ 1:2,00,000, ಇನ್ನೊಂದರಲ್ಲಿ ಹತ್ತಿಪಟ್ಟಿ ಅದ್ದಿ ಮೂಗಿನೊಳಗೆ ಇಡುವ ಗಾಢ ಅಡ್ರಿನಲಿನ್. ಎರಡೂ ನೀರಿನಂತೆ ತಿಳಿ. ಎರಡನೆಯದು ಸಿರಿಂಜಿಗೆ ಹೋದರೆ ರಕ್ತದೊತ್ತಡ ಏರಿ ಹೃದಯದ ಬಡಿತ ಹದಗೆಡುತ್ತದೆ, ಪ್ರಾಣಕ್ಕೇ ಕುತ್ತು. ಲೆಕ್ಕವನ್ನು ಕೈಯಲ್ಲೇ ಮಾಡಿಸಿ: 1:1000 ಅಡ್ರಿನಲಿನ್ ಆಂಪ್ಯೂಲಿನ 1 ಮಿಲಿಯಲ್ಲಿ 1 ಮಿಲಿಗ್ರಾಂ, ಇನ್ಸುಲಿನ್ ಸಿರಿಂಜಿನಲ್ಲಿ 0.1 ಮಿಲಿ ತೆಗೆದು 20 ಮಿಲಿ ಲಿಗ್ನೋಕೇನಿಗೆ ಸೇರಿಸಿದರೆ 1:2,00,000 ಆಯಿತು. ಬಣ್ಣದ ನೀರು ಬಳಸಬೇಡಿ, ಎರಡಕ್ಕೂ ಬರೀ ನೀರನ್ನೇ ಹಾಕಿ. ಗುರುತು ಸಿಗುವುದು ಲೇಬಲಿನಿಂದ ಮಾತ್ರ ಎಂಬುದು ಮನಸ್ಸಿಗೆ ಇಳಿಯಬೇಕು. ಚುಚ್ಚುವ ಔಷಧಿಯನ್ನು ಬಟ್ಟಲಿಗೆ ಸುರಿಯದೆ ನೇರ ಸಿರಿಂಜಿಗೇ ಎಳೆದು ಲೇಬಲ್ ಅಂಟಿಸುವುದು ಇನ್ನೂ ಕ್ಷೇಮ.

ಎಂಡೋಸ್ಕೋಪಿ ಟ್ರೇಯಲ್ಲಿ ಬ್ಲೇಕ್ಸ್‌ಲಿ ಫೋರ್ಸೆಪ್ಸುಗಳು ನೇರ, 45 ಡಿಗ್ರಿ ಮೇಲ್ಬಾಗು ಎರಡೂ ಇವೆ, ಬ್ಯಾಕ್‌ಬೈಟರ್ ಇದೆ, ಸಿಕಲ್ ಚಾಕು ಇದೆ. ಎಂಡೋಸ್ಕೋಪ್ ಮಾತ್ರ ಹುಸಿ, ಲೆನ್ಸ್ ಇಲ್ಲದ ಸ್ಟೀಲ್ ಕಡ್ಡಿ. ಅದರಿಂದ ಏನನ್ನೂ ಕಲಿಸಲಾಗದು. ಆಸ್ಪತ್ರೆಯಲ್ಲಿ ಮೂಲೆಗೆ ಹಾಕಿದ, ಚಿತ್ರ ಅರ್ಧ ಮಸುಕಾದ 4 ಮಿಮೀ ಸ್ಕೋಪ್ ಸಿಕ್ಕರೆ ಅದೇ ಮೇಲು, ಅದರಲ್ಲೂ 30 ಡಿಗ್ರಿಯದ್ದಾದರೆ. ಗೋಡೆಯ ಮೇಲೆ ಕ್ಯಾಲೆಂಡರ್ ನೇತುಹಾಕಿ, ಸ್ಕೋಪನ್ನು ನೇರ ಹಿಡಿದು ಸುತ್ತ ತಿರುಗಿಸಲು ಹೇಳಿ. ಸಾಮಾನ್ಯ ಸ್ಕೋಪಿನಲ್ಲಿ ಲೈಟ್ ಕೇಬಲ್ ಕೂಡುವ ಮೊಳೆ ಯಾವ ಕಡೆಗಿದೆಯೋ ನೋಟ ಅದರ ಎದುರು ಕಡೆಗೆ ಹೋಗುತ್ತದೆ: ಮೊಳೆ ಕೆಳಕ್ಕಿದ್ದರೆ ಮೇಲಿನ ತಾರೀಖು, ಎಡಕ್ಕಿದ್ದರೆ ಬಲಗಡೆಯ ತಾರೀಖು. ಹತ್ತು ನಿಮಿಷ ಹೀಗೆ ಆಡಿಸಿದವರು ಸರ್ಜನ್ 30 ಡಿಗ್ರಿ ಕೇಳಿದಾಗ ಮೊಳೆಯ ದಿಕ್ಕನ್ನೂ ನೋಡಿಕೊಂಡೇ ಕೊಡುತ್ತಾರೆ.

ಸ್ಕೋಪಿನ ಒಳಗಿರುವುದು ಗಾಜಿನ ಕಡ್ಡಿಗಳು. ತುದಿ ಹಿಡಿದು ಎತ್ತಿದರೆ, ಫೋರ್ಸೆಪ್ಸಿನ ರಾಶಿಯ ಮೇಲೆ ಇಟ್ಟರೆ ಬಿರುಕು ಬಿಟ್ಟು ಚಿತ್ರದ ಅಂಚಿನಲ್ಲಿ ಕಪ್ಪು ಅರ್ಧಚಂದ್ರ ಕಾಣಿಸುತ್ತದೆ. ಕಣ್ಣಿಡುವ ತುದಿಯಲ್ಲಿ ಹಿಡಿಯಬೇಕು, ಬೇರೆಯದೇ ತಟ್ಟೆಯಲ್ಲಿ ಇಡಬೇಕು. ಆಟೋಕ್ಲೇವ್‌ಗೆ ಹಾಕಬಹುದು ಎಂದು ಮೇಲೆ ಬರೆದಿರದಿದ್ದರೆ ಹಾಕಬಾರದು. ಲೈಟ್ ಕೇಬಲಿನ ಒಂದು ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಂದು ತುದಿ ನೋಡಿದರೆ ಮುರಿದ ಎಳೆಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಉರಿಯುತ್ತಿರುವ ಕೇಬಲನ್ನು ಡ್ರೇಪಿನ ಮೇಲೆ ಇಟ್ಟರೆ ಬಟ್ಟೆಯೂ ಚರ್ಮವೂ ಸುಡುತ್ತವೆ.

ಪ್ಲಾಸ್ಟಿಕ್ ತಲೆಯ ಮೂಗಿನೊಳಗೆ ಟರ್ಬಿನೇಟುಗಳೇ (ಪಕ್ಕದ ಗೋಡೆಯಿಂದ ಚಾಚಿದ ಮಡಿಕೆಗಳು) ಇಲ್ಲ. ಮಟನ್ ಅಂಗಡಿಯ ಕುರಿ ತಲೆ ಅದಕ್ಕಿಂತ ಎಷ್ಟೋ ವಾಸಿ. ಒಬ್ಬರು ಸ್ಕೋಪ್ ಹಿಡಿಯಲಿ, ಒಬ್ಬರು ಪೀಸು ಕೊಡಲಿ, ಒಬ್ಬರು ಬಿಸಿನೀರಿನಲ್ಲಿ ತುದಿ ಅದ್ದಿ ಮಸುಕು ಬಿಡಿಸಿಕೊಡಲಿ. ಕುರಿ ತಲೆಗೆ ಬಳಸಿದ ಸಾಮಾನುಗಳು ಮತ್ತೆ ರೋಗಿಗಳ ಟ್ರೇಗೆ ಸೇರಬಾರದು. ಆ ತಲೆ ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ ಹೋಗಬೇಕು.

ಮಾಸ್ಟಾಯ್ಡ್ ಟ್ರೇ ಬೇಡ ಎನ್ನಲು ಕಾರಣವಿದೆ. ಕಿವಿಯ ಸೂಕ್ಷ್ಮ ಉಪಕರಣಗಳ ವ್ಯತ್ಯಾಸವೆಲ್ಲ ಇರುವುದು ಮಿಲಿಮೀಟರ್ ಆಸುಪಾಸಿನ ತುದಿಯಲ್ಲಿ. ಇಲ್ಲಿ ರೌಂಡ್ ನೈಫೂ ಫ್ಲ್ಯಾಗ್ ನೈಫೂ ದಪ್ಪ ಮೂತಿಯವು, ಬಾಗಿದ ಸೂಜಿಗೂ ಲಂಬಕೋನದ ಪಿಕ್‌ಗೂ ಅಂತರವೇ ತಿಳಿಯುವುದಿಲ್ಲ. ಎಲುಬಿನ ಮಾದರಿಯ ಪ್ಲಾಸ್ಟಿಕ್ ನೀರಿಲ್ಲದೆ ಡ್ರಿಲ್ ಮಾಡಿದರೆ ಕರಗಿ ಬರ್ರಿನ (ಡ್ರಿಲ್ಲಿನ ಕೊರೆಯುವ ತುದಿ) ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಬದಲಿಗೆ ಡೆಂಟಲ್ ಅಂಗಡಿಯ ಮೈಕ್ರೋಮೋಟರ್, ಒಂದು ಕಟಿಂಗ್ ಬರ್, ಒಂದು ಡೈಮಂಡ್ ಬರ್, ಒಂದು ಡಜನ್ ಕೋಳಿಮೊಟ್ಟೆ ತನ್ನಿ. ಚಿಪ್ಪನ್ನು ಕೊರೆಯಬೇಕು, ಒಳಪೊರೆ ಹರಿಯಬಾರದು. ಒಬ್ಬರು ಕೊರೆಯುವಾಗ ಇನ್ನೊಬ್ಬರು ಬರ್ರಿನ ಮೇಲೆಯೇ ಬೀಳುವಂತೆ ನೀರು ಬಿಟ್ಟು ಸಕ್ಷನ್ ಹಿಡಿಯಲಿ. ನೀರು ನಿಂತರೆ ಡೈಮಂಡ್ ಬರ್ ಕಾಯುತ್ತದೆ, ರೋಗಿಯಲ್ಲಾದರೆ ಆ ಕಾವು ತಗಲುವುದು ಮುಖದ ನರಕ್ಕೆ. ಬಿಡಿಸಿದ ಒಳಪೊರೆಯನ್ನು ಗಾಜಿನ ಸ್ಲೈಡಿನ ಮೇಲೆ ಸುಕ್ಕಿಲ್ಲದೆ ಹರಡಿ ಒಣಗಿಸಿ, ಅಂಚು ಕತ್ತರಿಸಿ ಕೊಡಿಸಿ. ಕಿವಿತಮಟೆಯ ತೂತು ಮುಚ್ಚಲು ಕಿವಿಯ ಮೇಲಿನ ಸ್ನಾಯುವಿನಿಂದ ತೆಗೆಯುವ ಪೊರೆಯನ್ನೂ (ಟೆಂಪೊರಾಲಿಸ್ ಫೇಷಿಯಾ ಗ್ರಾಫ್ಟ್) ಟೇಬಲಿನ ಮೇಲೆ ಹೀಗೆಯೇ ಸಿದ್ಧಪಡಿಸುತ್ತಾರೆ. ಮೈಕ್ರೋಸ್ಕೋಪಿಗೆ ಕಿವಿಗಾದರೆ 200, ಧ್ವನಿಪೆಟ್ಟಿಗೆಗಾದರೆ 400 ಮಿಮೀ ಫೋಕಸ್ ದೂರದ ಲೆನ್ಸ್ ಎಂಬುದನ್ನೂ ಜೊತೆಗೇ ಹೇಳಿ.

ಟ್ರೇಕಿಯಾಸ್ಟಮಿ ಟ್ರೇ ಬಗ್ಗೆ ದೂರಿಲ್ಲ. ಟ್ರೂಸೋ ಡೈಲೇಟರ್ ಹಿಡಿ ಅದುಮಿದಾಗ ತುದಿ ಅಗಲುತ್ತದೆ, ಉಳಿದ ಫೋರ್ಸೆಪ್ಸುಗಳಿಗೆ ತಿರುಗುಮುರುಗು. ಫುಲ್ಲರ್ ಟ್ಯೂಬಿನ ಒಳ-ಹೊರ ಕೊಳವೆಗಳು ಸರಾಗವಾಗಿ ಕೂಡುತ್ತವೆ. ಕಫ್ (ಸುತ್ತಲಿನ ಊದುವ ಬಲೂನು) ಇರುವ ಟ್ಯೂಬುಗಳನ್ನು 10 ಮಿಲಿ ಸಿರಿಂಜಿನಿಂದ ಊದಿ ನೀರಿನಲ್ಲಿ ಮುಳುಗಿಸಿ ನೋಡಿಸಿ. ಒಂದು ಸೈಜ್ ಚಿಕ್ಕದು ಯಾವಾಗಲೂ ಪಕ್ಕದಲ್ಲಿರಲಿ. ಶ್ವಾಸನಾಳ ತೆರೆಯುವ ಹೊತ್ತಿಗೆ ಕಾಟರಿ (ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವ ಸಾಧನ) ಬೇಡ, ಹೊರಬರುವ ಆಕ್ಸಿಜನ್‌ಗೆ ಕಿಡಿ ತಗಲಿದರೆ ಬೆಂಕಿ ಹತ್ತುತ್ತದೆ.

ಬೋರ್‌ವೆಲ್ ನೀರಿರುವ ಕಡೆ ಸೆಟ್ಟನ್ನು ಆ ನೀರಿನಲ್ಲೇ ತೊಳೆದು ಒಣಗಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ಸಣ್ಣ ಸಕ್ಷನ್ ನಳಿಕೆಗಳು ಸುಣ್ಣ ಕಟ್ಟಿ ಮುಚ್ಚಿಕೊಳ್ಳುತ್ತವೆ. ಕೊನೆಯ ಜಾಲಾಟ ಆರ್‌ಒ ಅಥವಾ ಡಿಸ್ಟಿಲ್ಡ್ ನೀರಿನಲ್ಲಿರಲಿ, ನಳಿಕೆಯೊಳಗೆ ತಂತಿ ಆಡಿಸಿ ಗಾಳಿ ಊದಿ.

ಕೊಳ್ಳುವಾಗ "ಒಂದು ಸೆಟ್" ಎಂದು ಬಿಲ್ ಮಾಡಿಸಬೇಡಿ, ಪೀಸುವಾರು ಬರೆಸಿ. ಆಗ ಕಿವಿಯ ಟ್ರೇ ಕಳೆಯಬಹುದು, ಸಡಿಲ ಬ್ಲೇಡನ್ನೂ ಫ್ರೀಯರನ್ನೂ ವಾಪಸ್ ಕೊಡಬಹುದು. ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಕತ್ತರಿ, ಆರ್ಟರಿ ಫೋರ್ಸೆಪ್ಸಿನ ಗಟ್ಟಿ ಉಕ್ಕು ಅದಕ್ಕೆ ಅಂಟಬೇಕು, ಅಂಟದಿದ್ದರೆ ಹರಿತ ನಿಲ್ಲುವುದಿಲ್ಲ. ದುಡ್ಡು ಎಣಿಸುವ ಮೊದಲು ಅಂಗಡಿಯ ಕೌಂಟರಿನ ಮೇಲೆಯೇ ಮ್ಯಾಗೊರನ್ ಪ್ಲೇಟ್ ಇಟ್ಟು, ಡ್ರಾಫಿನ್ ಕಡ್ಡಿ ನಿಲ್ಲಿಸಿ, ಗ್ಯಾಗ್ ನೇತುಹಾಕಿ ಒಮ್ಮೆ ಕೆಳಕ್ಕೆ ಒತ್ತಿ ನೋಡಿ.