ಫೈವ್ ಸ್ಟಾರ್ ಕಾರು: ಮೂರು ವರ್ಷದ ಬಳಕೆ, ಒಂದು ಅಪಘಾತ

ಮೊದಲೇ ಹೇಳಿಬಿಡುತ್ತೇನೆ, ಕಾರಿನ ಹೆಸರು ಬರೆಯುವುದಿಲ್ಲ. ಬರೆದರೆ ಆ ಕಂಪನಿ ಒಳ್ಳೇದು, ಈ ಕಂಪನಿ ಕೆಟ್ಟದ್ದು ಅನ್ನೋ ಜಗಳದಲ್ಲೇ ಎಲ್ಲ ಮುಗಿದುಹೋಗುತ್ತದೆ. ನಾಲ್ಕು ಮೀಟರ್ ಒಳಗಿನ ಎಸ್‌ಯುವಿ, ಪೆಟ್ರೋಲ್, ಮಧ್ಯದ ವೇರಿಯಂಟ್. ಕಾರುಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ಸ್ಟಾರ್ ತಗೊಂಡಿದ್ದ ಗಾಡಿ. ಅಷ್ಟು ಗೊತ್ತಿದ್ದರೆ ಸಾಕು. 2021ರಲ್ಲಿ ಕೊಂಡೆ. 2023ರ ಡಿಸೆಂಬರ್‌ನಲ್ಲಿ ಸಿರುಗುಪ್ಪ ದಾಟಿ ಬಳ್ಳಾರಿ ಕಡೆ ಬರುವಾಗ, ಕತ್ತಲಲ್ಲಿ ನಿಂತಿದ್ದ ಭತ್ತದ ಟ್ರೈಲರ್‌ಗೆ ಗುದ್ದಿದೆವು. ಕಾರು ಹೋಯಿತು. ಒಳಗಿದ್ದ ನಾಲ್ಕೂ ಜನ ಇದ್ದೇವೆ.

ದಿನದ ಬಳಕೆ ಬಗ್ಗೆ ಬೇಗ ಮುಗಿಸುತ್ತೇನೆ. ನನ್ನದು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಸಣ್ಣ ಯೂನಿಟ್. ಸ್ಯಾಂಪಲ್ ಹಾಕಿಕೊಂಡು ರಾಯಚೂರು, ಗಂಗಾವತಿ, ಸಿಂಧನೂರು, ಕೊಪ್ಪಳ ಅಂತ ತಿರುಗುತ್ತಲೇ ಇರುತ್ತೇನೆ. ಡಿಕ್ಕಿ ಸಾಕಷ್ಟು ದೊಡ್ಡದು, ಪ್ಯಾಂಟಿನ ಬಂಡಲ್ ಆರಾಮಾಗಿ ಕೂರುತ್ತವೆ. ನಮ್ಮ ಏಪ್ರಿಲ್-ಮೇ ಬಿಸಿಲಿಗೂ ಏಸಿ ಸೋಲಲಿಲ್ಲ. ಮೈಲೇಜ್ ಊರೊಳಗೆ ಸುಮಾರು, ಹೈವೇಯಲ್ಲಿ ಪರವಾಗಿಲ್ಲ. ತೋರಣಗಲ್ಲು, ಸಂಡೂರು ಕಡೆ ಜಾಸ್ತಿ ಓಡಾಡುವವರು ಏಸಿ ಫಿಲ್ಟರ್ ಮತ್ತು ಏರ್ ಫಿಲ್ಟರ್ ಎರಡನ್ನೂ ಪುಸ್ತಕದಲ್ಲಿ ಹೇಳಿರುವುದಕ್ಕಿಂತ ಬೇಗ ಬದಲಾಯಿಸಿ. ಅದಿರಿನ ಕೆಂಪು ಧೂಳು ಯಾವ ಕಂಪನಿಯ ಕಾರನ್ನೂ ಬಿಡುವುದಿಲ್ಲ. ಸರ್ವಿಸ್ ಸೆಂಟರ್ ಬಗ್ಗೆ ಬೇರೆಯೇ ಪುರಾಣ ಬರೆಯಬಹುದು, ಈಗ ಬೇಡ.

ಮೊದಲ ದಿನದಿಂದ ಕಿರಿಕಿರಿ ಅನಿಸಿದ್ದು ಬೀಪ್ ಸದ್ದು. ಬೆಲ್ಟ್ ಹಾಕದಿದ್ದರೆ ಬೀಪ್. 80 ದಾಟಿದರೆ ಆಗಾಗ ಬೀಪ್, 120 ದಾಟಿದರೆ ಬಿಡದೆ ಬೀಪ್. ಇದು ಕಂಪನಿಯ ಹುಚ್ಚಲ್ಲ, 2019ರ ಜುಲೈಯಿಂದ ನಮ್ಮ ದೇಶದಲ್ಲಿ ಮಾರುವ ಕಾರುಗಳಿಗೆಲ್ಲ ಕಡ್ಡಾಯ. ಕಾರ್ ಡೆಕೋರ್ ಅಂಗಡಿಯವನು ಸೀಟ್ ಕವರ್ ಹಾಕುತ್ತಾ, 'ಸರ್, ಬೆಲ್ಟಿನ ಗೂಡಿಗೆ ಈ ಕ್ಲಿಪ್ ಸಿಗಿಸಿಬಿಡಿ, ಸದ್ದೇ ಬರಲ್ಲ' ಅಂದಿದ್ದ. 2023ರಲ್ಲಿ ಕೇಂದ್ರದ ಗ್ರಾಹಕ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಂದ ತೆಗೆಸಿಹಾಕಿದ್ದು ಇದೇ ಕ್ಲಿಪ್ಪನ್ನು. ಅದರ ಜೊತೆ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿ ಅಂತಲೂ ಹಿಂದೆ ಬಿದ್ದಿದ್ದ. ಎರಡೂ ಬೇಡ ಅಂದೆ. ಗಾರ್ಡ್ ಬಂಪರ್ ಉಳಿಸುತ್ತದೆ, ನಿಜ. ಆದರೆ ಏಟನ್ನು ನೇರ ಚಾಸಿಗೆ ದಾಟಿಸುತ್ತದೆ, ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕು ಅನ್ನುವ ಸೆನ್ಸರಿನ ಲೆಕ್ಕವನ್ನೂ ಕೆಡಿಸಬಹುದು.

ಇನ್ನೊಂದು ಜಗಳ ಮನೆಯೊಳಗಿನದು. ಅವ್ವನಿಗೆ ಡ್ಯಾಶ್‌ಬೋರ್ಡ್ ಮೇಲೆ ಹುಲಿಗೆಮ್ಮನ ಹಿತ್ತಾಳೆ ಮೂರ್ತಿ ಬೇಕಿತ್ತು. ಎಡಗಡೆ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ಅಂತ ಅಕ್ಷರ ಕೆತ್ತಿರುತ್ತದಲ್ಲ, ಸರಿಯಾಗಿ ಅದರ ಮೇಲೆಯೇ. ಬ್ಯಾಗ್ ಬಿಚ್ಚಿಕೊಂಡರೆ ಮೂರ್ತಿ ಹಾರಿಬಂದು ಕೂತವರ ಮುಖಕ್ಕೇ ಬಡಿಯುತ್ತದೆ ಅಂತ ಎಷ್ಟೋ ಸಲ ಹೇಳಿ, ಕೊನೆಗೆ ಗೇರ್ ಹತ್ತಿರ ಸಣ್ಣ ಫೋಟೋ ಅಂಟಿಸುವುದಕ್ಕೆ ಒಪ್ಪಿಸಿದೆ. ಹಿಂದಿನ ಸೀಟಿನ ಬೆಲ್ಟ್ ಇನ್ನೂ ದೊಡ್ಡ ರಗಳೆ. 'ಎಮ್ಮಿ ಕಟ್ಟಿದಂಗ ಕಟ್ಟೀಯಲ್ಲೋ ನನ್ನ' ಅನ್ನುತ್ತಿದ್ದಳು ಅವ್ವ. ಸೀರೆ ಮುದುಡುತ್ತದೆ, ಉಸಿರು ಕಟ್ಟುತ್ತದೆ, ಹಿಂದೆ ಕೂತವರಿಗೆ ಯಾರು ದಂಡ ಹಾಕ್ತಾರೆ, ಹೀಗೆ. ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಹತ್ತಿರ ತೀರಿಕೊಂಡಾಗ ಟಿವಿಯಲ್ಲಿ ಇಡೀ ದಿನ ಅದೇ ಸುದ್ದಿ. ಅಷ್ಟು ದೊಡ್ಡ ಕಾರು, ಮುಂದಿದ್ದ ಇಬ್ಬರು ಉಳಿದರು, ಹಿಂದೆ ಕೂತಿದ್ದ ಇಬ್ಬರು ಹೋದರು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. ಅವತ್ತಿಂದ ಅವ್ವನ ತಕರಾರು ಗೊಣಗಾಟಕ್ಕೆ ಇಳಿಯಿತು. ಬೆಲ್ಟಂತೂ ಹಾಕಿಕೊಳ್ಳುತ್ತಿದ್ದಳು.

ಈಗ ಆ ರಾತ್ರಿಗೆ ಬರೋಣ. ಸಿಂಧನೂರಲ್ಲಿ ಮದುವೆ ಮುಗಿಸಿ ಹೊರಟಿದ್ದೆವು. ಮುಂದೆ ಎಡಗಡೆ ನನ್ನ ಹೆಂಡತಿ, ಹಿಂದೆ ಅವ್ವ ಮತ್ತು ಮಗಳು. ಆ ರೋಡಲ್ಲಿ ಓಡಾಡಿದವರಿಗೆ ಭತ್ತದ ಸುಗ್ಗಿ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಅರ್ಧ ರಸ್ತೆ ಭತ್ತ ಒಣಗಲು ಹಾಕಿರುತ್ತಾರೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ, ರಾಶಿ ಎತ್ತಿದ ಮೇಲೂ ಕಲ್ಲು ಅಲ್ಲೇ ಉಳಿದಿರುತ್ತದೆ. ಟ್ರೈಲರ್‌ಗಳಿಗೆ ಹಿಂದೆ ದೀಪ ಇರುವುದಿಲ್ಲ. ರಿಫ್ಲೆಕ್ಟರ್ ಇದ್ದರೂ ಕೆಸರು ಮೆತ್ತಿ ಕಾಣುವುದಿಲ್ಲ. ಎದುರಿಂದ ಒಂದು ಲಾರಿ ಹೈ ಬೀಮ್ ಹಾಕಿಕೊಂಡೇ ಬಂತು. ಲಾರಿ ದಾಟಿದ ತಕ್ಷಣ ಕಣ್ಣಿಗೆ ಕತ್ತಲೆ, ಕತ್ತಲೆಯೊಳಗೆ ಭತ್ತದ ಚೀಲದ ಗೋಡೆ. ಬ್ರೇಕ್ ಪೂರ್ತಿ ಒತ್ತಿದೆ. ಕಾಲ ಕೆಳಗೆ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಗಡಗಡ ಅಂದಿದ್ದು ಈಗಲೂ ನೆನಪಿದೆ. ಚಕ್ರ ಲಾಕ್ ಆಗಲಿಲ್ಲ, ಅದಕ್ಕೇ ಸ್ಟೇರಿಂಗ್ ಮಾತು ಕೇಳಿತು. ಎಡಕ್ಕೆ ಎಳೆದೆ, ಸ್ವಲ್ಪ ಸರಿಯಿತು. ಪೂರ್ತಿ ತಪ್ಪಲಿಲ್ಲ. ನಮ್ಮ ಬಲಗಡೆ ಮೂಲೆ ಹೋಗಿ ಟ್ರೈಲರಿನ ಗಾಲಿಗೆ ಹೊಡೆಯಿತು.

ಅದು ಗಾಲಿ ಆಗಿದ್ದು ನಮ್ಮ ಪುಣ್ಯ. ಟ್ರೈಲರಿನ ಹಲಗೆ ಬಾನೆಟ್‌ಗಿಂತ ಎತ್ತರದಲ್ಲಿರುತ್ತದೆ. ಕಾರು ಅದರ ಅಡಿಗೆ ನುಗ್ಗಿದ್ದರೆ ಹಲಗೆ ನೇರ ಗಾಜಿಗೆ ಬರುತ್ತಿತ್ತು, ಕಾರಿನ ಮುಂಭಾಗಕ್ಕೆ ಏಟು ತಿನ್ನುವ ಅವಕಾಶವೇ ಸಿಗುತ್ತಿರಲಿಲ್ಲ. ಐದು ಸ್ಟಾರ್ ನೋಡಿ ಎಲ್ಲಕ್ಕೂ ಗ್ಯಾರಂಟಿ ಅಂದುಕೊಳ್ಳುವವರಿಗೆ ಇದನ್ನು ಹೇಳಲೇಬೇಕು. ಆ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಅಲ್ಯೂಮಿನಿಯಂ ತಡೆಗೋಡೆಗೆ ಗುದ್ದಿಸುತ್ತಾರೆ, ಮುಂಭಾಗದ ಶೇ 40ರಷ್ಟು ಅಗಲ ಮಾತ್ರ ತಾಗುವಂತೆ, ಅದೂ ಡ್ರೈವರ್ ಇರುವ ಕಡೆ. ನಮ್ಮ ಏಟು ಹೆಚ್ಚುಕಡಿಮೆ ಅದೇ ರೀತಿಯದು. ಬ್ರೇಕ್ ಹಾಕಿದ್ದರಿಂದ ವೇಗವೂ ಇಳಿದಿತ್ತು. ನೂರರಲ್ಲಿ ಗುದ್ದಿದ್ದರೆ ಕಥೆಯೇ ಬೇರೆ. ವೇಗ ಎರಡರಷ್ಟಾದರೆ ಏಟಿನ ಶಕ್ತಿ ನಾಲ್ಕರಷ್ಟಾಗುತ್ತದೆ, ಶಾಲೆಯಲ್ಲಿ ಓದಿದ ಲೆಕ್ಕ.

ಒಳಗೆ ಏನಾಯಿತು ಅನ್ನುವುದು ಆ ಹೊತ್ತಿಗೆ ಗೊತ್ತಾಗಲಿಲ್ಲ. ಒಂದು ದೊಡ್ಡ ಸದ್ದು, ಎದೆ ಮೇಲೆ ಬೆಲ್ಟಿನ ಎಳೆತ, ಮುಖಕ್ಕೆ ಬಿಳಿ ಬಟ್ಟೆ, ಅಷ್ಟೇ. ಇಂಥ ಡಿಕ್ಕಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿದುಹೋಗುತ್ತದಂತೆ. ಮೊದಲು ಕೆಲಸ ಮಾಡುವುದು ಬೆಲ್ಟ್. ಮುಂದಿನ ಬೆಲ್ಟ್‌ಗಳಲ್ಲಿ ಪ್ರಿಟೆನ್ಷನರ್ ಇರುತ್ತದೆ. ಸಣ್ಣ ಮದ್ದು ಸಿಡಿದು ಬೆಲ್ಟನ್ನು ಬಿಗಿಯಾಗಿ ಎಳೆದು ಮೈಯನ್ನು ಸೀಟಿಗೆ ಒತ್ತುತ್ತದೆ. ಎಳೆತ ಅತಿಯಾದಾಗ ಪಕ್ಕೆಲುಬು ಮುರಿಯದಿರಲಿ ಅಂತ ಲೋಡ್ ಲಿಮಿಟರ್ ಸ್ವಲ್ಪ ಸ್ವಲ್ಪ ಸಡಿಲ ಬಿಡುತ್ತದೆ. ಅಷ್ಟರಲ್ಲಿ ಏರ್‌ಬ್ಯಾಗ್ ಉಬ್ಬಿರುತ್ತದೆ. ಬೆಲ್ಟ್ ಹಾಕದವನು ಅಷ್ಟು ಹೊತ್ತಿಗೆ ಮುಂದಕ್ಕೆ ಬಾಗಿಬಿಟ್ಟಿರುತ್ತಾನೆ, ಉಬ್ಬುತ್ತಿರುವ ಬ್ಯಾಗೇ ಅವನಿಗೆ ಹೊಡೆಯುತ್ತದೆ. 'ಏರ್‌ಬ್ಯಾಗ್ ಇದೆಯಲ್ಲ, ಬೆಲ್ಟ್ ಯಾಕೆ' ಅಂತ ಕೇಳುವ ದೋಸ್ತಿಗಳು ನನಗೂ ಇದ್ದಾರೆ. ಮೂರು ಕಡೆ ಹಿಡಿಯುವ ಈ ಬೆಲ್ಟನ್ನು ವೋಲ್ವೊದ ನೀಲ್ಸ್ ಬೋಲಿನ್ ಕೊಟ್ಟದ್ದು 1959ರಲ್ಲಿ. ಪೇಟೆಂಟನ್ನು ಕಂಪನಿ ಎಲ್ಲರ ಬಳಕೆಗೂ ಬಿಟ್ಟುಕೊಟ್ಟಿತು. ಇವತ್ತಿಗೂ ಕಾರಿನಲ್ಲಿ ಅದಕ್ಕಿಂತ ದೊಡ್ಡ ಸುರಕ್ಷತೆ ಸಾಮಾನಿಲ್ಲ ಅನ್ನುವುದು ನನ್ನ ಲೆಕ್ಕ.

ಬ್ಯಾಗ್ ಬಿಚ್ಚಿದ ಮೇಲೆ ಒಳಗೆಲ್ಲ ಹೊಗೆಯಂಥ ಪುಡಿ, ಪಟಾಕಿ ಸುಟ್ಟ ವಾಸನೆ. 'ಬೆಂಕಿ ಹತ್ತಿತು' ಅಂತ ಹೆಂಡತಿ ಕೂಗಿದಳು. ಬೆಂಕಿ ಇರಲಿಲ್ಲ. ಬ್ಯಾಗಿಗೆ ಮದ್ದಿನ ಗಾಳಿ ತುಂಬಿ, ಮಡಿಕೆಗೆ ಹಾಕಿದ್ದ ಪುಡಿ ಹಾರಿದಾಗ ಹಾಗೇ ಆಗುತ್ತದೆ. ಡೋರ್ ಲಾಕ್ ತಾನೇ ಬಿಚ್ಚಿಕೊಂಡಿತ್ತು. ಹಿಂದಿನ ಬಾಗಿಲುಗಳನ್ನು ಕಣದಿಂದ ಓಡಿಬಂದ ಹುಡುಗರು ಸುಲಭವಾಗಿ ತೆಗೆದರು. 'ಅಮ್ಮಾರ, ಅಲ್ಲಾಡಬ್ಯಾಡ್ರಿ, ಕುಂದರ್ರಿ' ಅಂತ ಅವ್ವನ ಕುತ್ತಿಗೆ ಹಿಡಿದು ಕೂತವನು ಅವರಲ್ಲೊಬ್ಬ. ಎಲ್ಲಿ ಕಲಿತಿದ್ದನೋ ಏನೋ. 108ಕ್ಕೆ ಫೋನ್ ಮಾಡಿದವರು, ಪೊಲೀಸ್ ಬರುವ ತನಕ ರಸ್ತೆಯಲ್ಲಿ ಟಾರ್ಚ್ ಹಿಡಿದು ನಿಂತವರು ಎಲ್ಲ ಅವರೇ. ಸಹಾಯ ಮಾಡಿದವರನ್ನು ಕೇಸಿನಲ್ಲಿ ಸಿಕ್ಕಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಅನ್ನುವ ಸೆಕ್ಷನ್ ಸೇರಿಸಿದ್ದಾರೆ. ಆ ಹುಡುಗರಿಗೆ ಅದು ಗೊತ್ತಿತ್ತೋ ಇಲ್ಲವೋ. ಗೊತ್ತಿಲ್ಲದೆಯೇ ಬಂದಿದ್ದರೆ ಇನ್ನೂ ದೊಡ್ಡವರು.

ಗಾಯದ ಲೆಕ್ಕ. ನನಗೆ ಬಲ ಹೆಗಲಿನಿಂದ ಸೊಂಟದವರೆಗೆ ಬೆಲ್ಟಿನ ಅಗಲಕ್ಕೇ ನೀಲಿ ಪಟ್ಟಿ, ಬ್ಯಾಗ್ ಉಜ್ಜಿ ಮುಂಗೈ ಚರ್ಮ ಸುಲಿದಿತ್ತು. ಹೆಂಡತಿಗೆ ಮಣಿಕಟ್ಟು ಉಳುಕಿತು. ಮಗಳಿಗೆ ಏನೂ ಆಗಲಿಲ್ಲ. ಅವಳನ್ನು ಬೂಸ್ಟರ್ ಸೀಟಿನಲ್ಲಿ ಕೂರಿಸಿದ್ದೆವು. ಬಳ್ಳಾರಿ ಅಂಗಡಿಗಳಲ್ಲಿ ಸಿಗದೆ ಆನ್‌ಲೈನ್‌ನಲ್ಲಿ ತರಿಸಿದ್ದು. ಬರೀ ಸೀಟಿನಲ್ಲಿ ಕೂತರೆ ಬೆಲ್ಟ್ ಮಕ್ಕಳ ಕುತ್ತಿಗೆ ಮತ್ತು ಹೊಟ್ಟೆ ಮೇಲೆ ಬರುತ್ತದೆ. ಬೂಸ್ಟರ್ ಮಗುವನ್ನು ಎತ್ತರಿಸಿ ಹೆಗಲಿಗೂ ಸೊಂಟದ ಎಲುಬಿಗೂ ಸರಿಯಾಗಿ ಕೂರಿಸುತ್ತದೆ. ಅವ್ವನಿಗೆ ಕಾಲರ್ ಬೋನ್ ಬಿರುಕು ಬಿಟ್ಟಿತು, ಕೆಲವು ವಾರ ಕೈಗೆ ಜೋಳಿಗೆ. ನಮ್ಮ ಕಾರಿನ ಹಿಂದಿನ ಬೆಲ್ಟ್‌ಗೆ ಪ್ರಿಟೆನ್ಷನರ್ ಇರಲಿಲ್ಲ, ವಯಸ್ಸಾದ ಎಲುಬು ಬೇರೆ. ಆಸ್ಪತ್ರೆಯಲ್ಲಿ ಡಾಕ್ಟರು, 'ಬೆಲ್ಟ್ ಇಲ್ಲದಿದ್ದರೆ ಇವರು ಮುಂದಿನ ಸೀಟಿಗೆ ಹೋಗಿ ಅಪ್ಪಳಿಸುತ್ತಿದ್ದರು, ಮುಂದೆ ಕೂತವರಿಗೂ ಅಪಾಯವಾಗುತ್ತಿತ್ತು' ಅಂದರು.

ಆಮೇಲೆ ಯಾರ್ಡಿನಲ್ಲಿ ಕಾರು ನೋಡಲು ಹೋದೆ. ಅಲ್ಲಿದ್ದವರ ಮೊದಲ ಮಾತು, 'ಏನ್ ಸರ್, ಪೂರ್ತಿ ತಗಡು. ಹಳೆ ಅಂಬಾಸಿಡರ್ ಆಗಿದ್ದರೆ ಟ್ರೈಲರ್ರೇ ಮುರಿಯೋದು.' ಈ ಮಾತು ನಮ್ಮಲ್ಲಿ ಎಲ್ಲ ಕಡೆ ಕೇಳುತ್ತೀರಿ. ಮುಂದೆ ನುಜ್ಜುಗುಜ್ಜಾದ ಕಾರು ಕಳಪೆ, ಡೊಂಕಾಗದ ಕಾರು ಗಟ್ಟಿ ಅಂತ. ಉಲ್ಟಾ. ಮುಂಭಾಗ ಮಡಚಿಕೊಂಡಷ್ಟೂ ಕಾರು ನಿಲ್ಲಲು ಹೆಚ್ಚು ಜಾಗ, ಹೆಚ್ಚು ಹೊತ್ತು ಸಿಗುತ್ತದೆ, ಮನುಷ್ಯನ ಮೈಗೆ ಏಟು ಕಡಿಮೆ ಆಗುತ್ತದೆ. ಮಡಚದ ಕಾರು ಪೂರ್ತಿ ಏಟನ್ನು ಒಳಗಿರುವವರಿಗೆ ದಾಟಿಸುತ್ತದೆ. ಮುಂದೆ-ಹಿಂದೆ ಮೆತ್ತಗೆ, ನಡುವಿನ ಕೋಣೆ ಗಟ್ಟಿ ಅನ್ನುವ ಈ ಯೋಚನೆ ಮರ್ಸಿಡಿಸ್‌ನ ಎಂಜಿನಿಯರ್ ಬೇಲಾ ಬಾರೆನಿ ಅವರದು, 1950ರ ದಶಕದ್ದು. ಯಾರ್ಡಿನವರಿಗೆ ಇಷ್ಟೆಲ್ಲ ಹೇಳಲಿಲ್ಲ. ಡ್ರೈವರ್ ಬಾಗಿಲಿನ ಹತ್ತಿರ ಕರೆದು ತೋರಿಸಿದೆ ಅಷ್ಟೇ. ಬಲಗಡೆ ಹೆಡ್‌ಲೈಟ್ ಇದ್ದ ಜಾಗದಲ್ಲಿ ಏನೂ ಇಲ್ಲ. ಮುಂದಿನ ಚಕ್ರ ಹಿಂದಕ್ಕೆ ತಳ್ಳಿಕೊಂಡು ಬಂದು ಬಾಗಿಲಿನ ಅಂಚಿಗೆ ನಿಂತಿದೆ. ಬಾನೆಟ್ ನಡುವೆ ಮಡಚಿ ಮೇಲೆದ್ದಿದೆ, ಗಾಜಿನೊಳಗೆ ನುಗ್ಗಿಲ್ಲ. ಎ ಪಿಲ್ಲರ್ ಅಂತಾರಲ್ಲ, ಗಾಜಿನ ಪಕ್ಕದ ಕಂಬ, ಅದಕ್ಕೂ ಬಾಗಿಲಿಗೂ ನಡುವಿನ ಸಂದಿಯಲ್ಲಿ ಬೆರಳು ಆಡಿಸಿ ನೋಡಿದೆ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲ. ಪೆಡಲ್ ಕೆಳಗೆ ನನ್ನ ಒಂದು ಚಪ್ಪಲಿ ಬಿದ್ದಿತ್ತು. ಕಾಲಿಡುವ ಜಾಗ ಎಷ್ಟಿತ್ತೋ ಅಷ್ಟೇ ಇತ್ತು.

ಇನ್ಶೂರೆನ್ಸ್ ಕಡೆ ತಿಳಿದಿರಬೇಕಾದ್ದು ಇಷ್ಟು. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಬರೆದಿರುವ ಕಾರಿನ ಬೆಲೆ) ಶೇ 75 ದಾಟಿದರೆ ಟೋಟಲ್ ಲಾಸ್, ಅಂದರೆ ಕಾರು ಪೂರ್ತಿ ಹೋಯಿತು ಅಂತ ಲೆಕ್ಕ ಮಾಡುತ್ತಾರೆ. ನಮ್ಮದು ಹಾಗೇ ಆಯಿತು. ಕೊಂಡಾಗಿನ ಬಿಲ್ಲಿನ ಬೆಲೆಯನ್ನೇ ಕೊಡುವ ರಿಟರ್ನ್ ಟು ಇನ್‌ವಾಯ್ಸ್ ಆಡ್-ಆನ್ ತಗೊಂಡಿದ್ದರಿಂದ ಕೈ ಕಚ್ಚಲಿಲ್ಲ. ಹೊಸ ಗಾಡಿಗೆ ಮೊದಲ ವರ್ಷಗಳಲ್ಲಿ ಅದು ಇರಲಿ.

ಇಂಥ ಕಾರನ್ನು ಸೆಕೆಂಡ್ ಹ್ಯಾಂಡ್ ಹುಡುಕುವವರಿಗೂ ಒಂದು ಮಾತು. ಬಿಚ್ಚಿದ ಏರ್‌ಬ್ಯಾಗ್, ಸಿಡಿದ ಪ್ರಿಟೆನ್ಷನರ್ ಮತ್ತೆ ಕೆಲಸ ಮಾಡುವುದಿಲ್ಲ, ಹೊಸದನ್ನೇ ಹಾಕಬೇಕು. ಖರ್ಚು ಉಳಿಸಲು ಬರೀ ಮುಚ್ಚಳ ಹಾಕಿ ಮಾರುವವರಿದ್ದಾರೆ. ಇಗ್ನಿಷನ್ ಆನ್ ಮಾಡಿ ಮೀಟರ್ ನೋಡಿ. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಹತ್ತಿ ಆರಬೇಕು. ಹತ್ತದೇ ಇದ್ದರೂ ಅನುಮಾನ, ಆರದೇ ಇದ್ದರೂ ಅನುಮಾನ.

ಮತ್ತೆ ಕಾರು ಕೊಳ್ಳಲು ಶೋರೂಮಿಗೆ ಹೋದಾಗ ಅಲ್ಲಿನ ಹುಡುಗ ಮೊದಲು ತೋರಿಸಿದ್ದು ಸನ್‌ರೂಫ್. ಬಳ್ಳಾರಿ ಬಿಸಿಲಿಗೆ ತಲೆ ಮೇಲೆ ಗಾಜು! ನಾನು ಕೇಳಿದ್ದು ಭಾರತ್ ಎನ್‌ಕ್ಯಾಪ್ ಅಂಕ. 2023ರ ಅಕ್ಟೋಬರ್‌ನಿಂದ ನಮ್ಮ ದೇಶದ್ದೇ ಪರೀಕ್ಷೆ ಇದೆ. ದೊಡ್ಡವರ ಸುರಕ್ಷತೆಗೆ 32, ಮಕ್ಕಳದಕ್ಕೆ 49 ಅಂಕ. ಸ್ಟಾರ್ ಮಾತ್ರ ನೋಡಬೇಡಿ, ಎರಡೂ ಅಂಕ ನೋಡಿ, ಯಾವ ವೇರಿಯಂಟ್ ಗುದ್ದಿಸಿದ್ದು ಅಂತಲೂ ಕೇಳಿ. ಸನ್‌ರೂಫ್ ಬಿಟ್ಟು ಆರು ಏರ್‌ಬ್ಯಾಗ್, ಇಎಸ್‌ಸಿ (ಕಾರು ಜಾರಿ ಹಿಡಿತ ತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆ) ಇರುವ ವೇರಿಯಂಟ್ ತಗೊಂಡೆ. ಸೈಡ್ ಏರ್‌ಬ್ಯಾಗ್ ಸೀಟಿನ ಪಕ್ಕದಿಂದ ಬಿಚ್ಚುತ್ತದೆ, ಅದಕ್ಕೇ ಈ ಸಲ ದಪ್ಪ ಸೀಟ್ ಕವರ್ ಹಾಕಿಸಿಲ್ಲ. ಹಳೆ ಕಾರಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಹಿಂದಿನ ಸೀಟಿನ ನಡುವೆ ಬರೀ ಸೊಂಟದ ಬೆಲ್ಟ್ ಕೊಟ್ಟಿದ್ದಕ್ಕೆ. ಐದು ಜನ ಕೂರುವ ಕಾರು ಅಂತ ಮಾರಿದ ಮೇಲೆ ಐದನೆಯವರಿಗೂ ಪೂರ್ತಿ ಬೆಲ್ಟ್ ಇರಬೇಕು ಅಲ್ವಾ?