ಡೂಪ್ಲಿಕೇಟ್, ಹೊಸ ಒರಿಜಿನಲ್, ಹಳೇ ಒರಿಜಿನಲ್: ನನ್ನ ಸ್ಪ್ಲೆಂಡರ್‌ಗೆ ಒಗ್ಗಿದ ಕಾರ್ಬುರೇಟರ್

ಮೊದಲೇ ಹೇಳಿಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಗಾಡಿ ಜೊತೆ ಅದರ ಹಳೇ ಒರಿಜಿನಲ್ ಕಾರ್ಬುರೇಟರ್ (ಎಂಜಿನ್‌ಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಭಾಗ) ಸಿಕ್ಕರೆ ಗುಜರಿಗೆ ಹಾಕಬೇಡಿ. ನಾನು ಒಂದೇ ಗಾಡಿಗೆ ಮೂರು ಕಾರ್ಬುರೇಟರ್ ಹಾಕಿ ಓಡಿಸಿದೆ. ಈಗ ಗಾಡಿಯಲ್ಲಿ ಇರುವುದು ಆ ಹಳೆಯದೇ.

ಗಾಡಿ 2009ರ ಹೀರೋ ಹೋಂಡಾ ಸ್ಪ್ಲೆಂಡರ್. ತುಮಕೂರಿನ ಶಿರಾ ಗೇಟ್ ಕಡೆಯ ಒಬ್ಬರಿಂದ ಕೊಂಡೆ. ಎಂಜಿನ್ ಚೆನ್ನಾಗಿತ್ತು, ಹೊಗೆ ಇರಲಿಲ್ಲ. ಆದರೆ ಅವರು ಏರ್ ಫಿಲ್ಟರ್ ಬಾಕ್ಸ್ ಬಿಚ್ಚಿಸಿ, ಬಾಕ್ಸ್ ಇಲ್ಲದೆ ಬಯಲಲ್ಲೇ ಕೂರುವ ಕೋನ್ ಫಿಲ್ಟರ್ ಹಾಕಿಸಿದ್ದರು. ಕಾರ್ಬುರೇಟರ್ ಕೂಡ ಡೂಪ್ಲಿಕೇಟ್. ತೆಗೆದ ಸಾಮಾನನ್ನೆಲ್ಲ ಒಂದು ಗೊಬ್ಬರದ ಚೀಲಕ್ಕೆ ತುಂಬಿ ಕೊಟ್ಟರು. ಪುಣ್ಯಕ್ಕೆ ನಾನು ಆ ಚೀಲ ಬೇಡ ಅನ್ನಲಿಲ್ಲ.

ಬೆಳಿಗ್ಗೆ ಚೋಕ್ ಎಳೆದು ಕಿಕ್ ಹೊಡೆದರೆ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿತ್ತು. ಕ್ಯಾತ್ಸಂದ್ರ ಬಿಟ್ಟು ಬಟವಾಡಿ ಬರುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತಿತ್ತು. ಅಲ್ಲಿಂದ ಕಾಟ ಶುರು. ಟೌನ್‌ಹಾಲ್ ಸಿಗ್ನಲ್‌ನಲ್ಲಿ ನಿಂತರೆ ರೇಸ್ ತಾನಾಗಿಯೇ ಏರುವುದು, ಇಳಿಯುವುದು, ಆಮೇಲೆ ಪಟ್ ಅಂತ ಆಫ್. ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರ್‌ನಲ್ಲಿ ಪಟಪಟ ಸದ್ದು. ಪ್ಲಗ್ ಬಿಚ್ಚಿ ನೋಡಿದರೆ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಕಂದು ಬಣ್ಣ ಇದ್ದರೆ ಸರಿ, ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಗಾಳಿ ಜಾಸ್ತಿ. ದೇವರಾಯನದುರ್ಗದ ಏರಿನಲ್ಲಿ ಗಾಡಿ ಮಿಸ್ಸಿಂಗ್ ಹೊಡೆಯುವಾಗ ಚೋಕ್ ಅರ್ಧ ಎಳೆದೆ. ಎಳೆದ ಕೂಡಲೇ ಗಾಡಿ ಸರಾಗವಾಗಿ ಹತ್ತಿತು. ಚೋಕ್ ಎಳೆದರೆ ಗಾಳಿ ಕಡಿಮೆಯಾಗುತ್ತದೆ, ಅಲ್ವಾ? ಹಾಗಾದರೆ ಎಲ್ಲೋ ಬೇಡದ ಗಾಳಿ ಒಳಗೆ ನುಗ್ಗುತ್ತಿದೆ ಅಂತ ಖಾತ್ರಿಯಾಯಿತು.

ಕೋನ್ ಫಿಲ್ಟರ್ ಬಗ್ಗೆ ಒಂದೇ ಮಾತು: ಜೆಟ್ (ಕಾರ್ಬುರೇಟರ್ ಒಳಗೆ ಪೆಟ್ರೋಲ್ ಹರಿಯುವ ಸಣ್ಣ ತೂತಿನ ತುಂಡು) ಬದಲಿಸದೆ ಅದನ್ನು ಹಾಕಿಸಬೇಡಿ, ಗಾಳಿ ಜಾಸ್ತಿಯಾಗುತ್ತದೆ. ಬಾಕ್ಸ್ ವಾಪಸ್ ಕೂರಿಸಿದ ಮೇಲೆ ಏರಿನಲ್ಲಿ ಹೊಡೆಯುತ್ತಿದ್ದ ಮಿಸ್ಸಿಂಗ್ ಅರ್ಧ ಹೋಯಿತು. ಸಿಗ್ನಲ್‌ನಲ್ಲಿ ಆಫ್ ಆಗುವುದು ಮಾತ್ರ ಹೋಗಲಿಲ್ಲ.

ಆ ಒಂದು ತೊಂದರೆ ನನ್ನ ಮೂರು ಭಾನುವಾರ ತಿಂದಿತು. ಡೂಪ್ಲಿಕೇಟ್‌ನ ಟ್ಯೂನಿಂಗ್ ಸ್ಕ್ರೂ (ಗಾಳಿ-ಪೆಟ್ರೋಲ್ ಹದ ಮಾಡುವುದು) ಎಷ್ಟು ತಿರುಗಿಸಿದರೂ ಎಂಜಿನ್ ಸದ್ದು ಬದಲಾಗುತ್ತಲೇ ಇರಲಿಲ್ಲ. ಸರಿಯಿರುವ ಕಾರ್ಬುರೇಟರ್‌ನಲ್ಲಿ ಕಾಲು ಸುತ್ತು ತಿರುಗಿಸಿದರೂ ಕಿವಿಗೆ ಗೊತ್ತಾಗುತ್ತದೆ. ಮೆಕ್ಯಾನಿಕ್ ಟ್ಯಾಪೆಟ್ (ವಾಲ್ವ್‌ನ ಸಂದು) ನೋಡಿದರು, ಸರಿಯಿತ್ತು. ಹೊಸ ಪ್ಲಗ್ ಹಾಕಿದರು, ಹಳೇ ಕಥೆಯೇ. ಆಮೇಲೆ ಗಾಡಿ ಸ್ಟಾರ್ಟ್‌ನಲ್ಲೇ ಇಟ್ಟು, ಸೈಲೆನ್ಸರ್‌ಗೆ ತಾಗದ ಹಾಗೆ, ಕಾರ್ಬುರೇಟರ್ ಎಂಜಿನ್‌ಗೆ ಕೂರುವ ಜಾಗಕ್ಕೆ ಕ್ಲೀನರ್ ಸ್ಪ್ರೇ ಒಂದು ಚಿಟಿಕೆ ಹೊಡೆದರು. ರೇಸ್ ಸದ್ದು ಒಮ್ಮೆಗೇ ಬದಲಾಯಿತು. ಗಾಳಿ ನುಗ್ಗುತ್ತಿದ್ದುದು ಅಲ್ಲೇ.

ಕಾರ್ಬುರೇಟರ್ ಬಿಚ್ಚಿ, ಅದು ಎಂಜಿನ್‌ಗೆ ಕೂರುವ ಮುಖದ ಮೇಲೆ ಮಗಳ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಟ್ಯೂಬ್‌ಲೈಟ್ ಕಡೆ ಹಿಡಿದೆ. ಎರಡು ಬೋಲ್ಟಿನ ತೂತುಗಳ ಹತ್ತಿರ ಮಾತ್ರ ಸ್ಕೇಲ್ ತಾಗುತ್ತಿತ್ತು, ನಡುವೆ ಕೂದಲೆಳೆಯಷ್ಟು ಬೆಳಕು. ಮುಖ ಬಾಗಿತ್ತು. ಓ-ರಿಂಗ್ (ನಡುವಿನ ರಬ್ಬರ್ ಬಳೆ) ಹೊಸದು ಹಾಕಿದರೂ ಆ ಸಂದು ಮುಚ್ಚುತ್ತಿರಲಿಲ್ಲ. ಗಾಳಿ ಸೋರುತ್ತದೆ ಅಂತ ಬೋಲ್ಟ್ ಇನ್ನೂ ಬಿಗಿ ಮಾಡಿದರೆ ಇನ್ನೂ ಬಾಗುತ್ತದೆ, ಯಾಕೆಂದರೆ ಅದು ಮೆತ್ತನೆಯ ಅಲ್ಯೂಮಿನಿಯಂ. ಗಾಜಿನ ಮೇಲೆ ನೈಸ್ ವಾಟರ್ ಪೇಪರ್ ಹಾಸಿ, ನೀರು ಹಾಕಿ, ಎಂಟರ ಆಕಾರದಲ್ಲಿ ಉಜ್ಜಿ ಮಟ್ಟ ಮಾಡಿದೆ. ಆಫ್ ಆಗುವುದು ನಿಂತಿತು. ಆದರೆ ಟ್ಯೂನಿಂಗ್ ಸ್ಕ್ರೂ ಮಾತು ಕೇಳಲಿಲ್ಲ, ಮೈಲೇಜ್ 43 ದಾಟಲಿಲ್ಲ. 850 ರೂಪಾಯಿಯ ಸಾಮಾನಿಗೆ ಇಷ್ಟು ಕಷ್ಟ ಪಡಬೇಕಾ ಅನ್ನಿಸಿತು.

ಹೊಸ ಒರಿಜಿನಲ್ ನೋಡಿದ್ದು ಭಾವನ ದಯೆಯಿಂದ. ಅವರ ಸ್ಪ್ಲೆಂಡರ್‌ಗೆ ಆಗಷ್ಟೇ ಹಾಕಿಸಿದ್ದರು. ಒಂದು ಭಾನುವಾರ ಬಿಚ್ಚಿ ನನ್ನ ಗಾಡಿಗೆ ಹಾಕಿದೆವು. ನಾಮದ ಚಿಲುಮೆವರೆಗೆ ಹೋಗಿ ಬಂದೆ. ಎಲ್ಲೂ ಕೊಸರಾಟವಿಲ್ಲ, ಬೆಣ್ಣೆ ಹಾಗೆ ಓಡಿತು. ಅವರು ಕೊಟ್ಟಿದ್ದು 2,400 ರೂಪಾಯಿ.

ಆಮೇಲೆ ಗೊಬ್ಬರದ ಚೀಲದಲ್ಲಿದ್ದ ಹಳೇ ಒರಿಜಿನಲ್. ಬೌಲ್ (ಪೆಟ್ರೋಲ್ ನಿಲ್ಲುವ ಕೆಳಗಿನ ಬಟ್ಟಲು) ಬಿಚ್ಚಿದಾಗ ತಳದಲ್ಲಿ ಹಸಿರು ಬಣ್ಣದ ಗಸಿ ಅಂಟಿತ್ತು. ನಿಂತಾಗಿನ ನಿಧಾನ ರೇಸ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಬೆಳಕಿಗೆ ಹಿಡಿದರೆ ತೂತೇ ಕಾಣಲಿಲ್ಲ. ಸೂಜಿ, ತಂತಿ ಹಾಕಿ ಚುಚ್ಚಲಿಲ್ಲ. ಹಿತ್ತಾಳೆ ಜೆಟ್‌ನ ತೂತು ಸ್ವಲ್ಪ ಅಗಲವಾದರೂ ಲೆಕ್ಕ ಕೆಡುತ್ತದೆ. ರಾತ್ರಿಯಿಡೀ ಕ್ಲೀನರ್‌ನಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದೆ. ಆಗ ಸೂಜಿ ಮೊನೆಯಷ್ಟು ಬೆಳಕು ಆಚೆ ಕಾಣಿಸಿತು. ಸ್ಕೇಲ್ ಇಟ್ಟು ನೋಡಿದೆ, ಮುಖ ಮಟ್ಟವಾಗಿತ್ತು. ರಿಪೇರಿ ಕಿಟ್‌ಗೆ 280, ಮೆಕ್ಯಾನಿಕ್‌ಗೆ 200. ಟ್ಯೂನಿಂಗ್ ಸ್ಕ್ರೂ ತಿರುಗಿಸಿದರೆ ಎಂಜಿನ್ ಉತ್ತರ ಕೊಟ್ಟಿತು. ಮೈಲೇಜ್ 58. ಹೊಸದಕ್ಕೂ ಇದಕ್ಕೂ ಓಡಿಸುವಾಗ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ನಾನು ದಿನಾ ಕ್ಯಾತ್ಸಂದ್ರದಿಂದ ಅಂತರಸನಹಳ್ಳಿಗೆ ಡ್ಯೂಟಿಗೆ ಹೋಗುವವನು. ಸ್ಪೀಡ್ ಬೇಕಿಲ್ಲ. ಸಿಗ್ನಲ್‌ನಲ್ಲಿ ಆಫ್ ಆಗಬಾರದು, ಪೆಟ್ರೋಲ್ ಕುಡಿಯಬಾರದು. 480 ರೂಪಾಯಿಗೆ ಅದು ಸಿಕ್ಕಿತು. ಭಾವನದು ಬೇರೆ ಮಾತು. ಅವರ ಹಳೇ ಕಾರ್ಬುರೇಟರ್‌ನ ಸ್ಲೈಡ್ (ಆಕ್ಸಿಲರೇಟರ್ ತಿರುಗಿಸಿದರೆ ಒಳಗೆ ಮೇಲೇರುವ ತುಂಡು) ಸವೆದು ಅಲ್ಲಾಡುತ್ತಿತ್ತು. ಅದಕ್ಕೆ ಕಿಟ್ ಹಾಕಿದರೂ ಪ್ರಯೋಜನವಿಲ್ಲ, ಹೊಸ ಒರಿಜಿನಲ್ಲೇ ಸರಿ. ಡೂಪ್ಲಿಕೇಟ್ ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಇವತ್ತಿನ ಪೆಟ್ರೋಲ್‌ನಲ್ಲಿರುವ ಎಥನಾಲ್ ನೀರು ಎಳೆದುಕೊಳ್ಳುತ್ತದೆ. ಅದಕ್ಕೇ ವಾರಗಟ್ಟಲೆ ಊರಿಗೆ ಹೋಗುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಬೌಲ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ, ಒಳಗಿರುವುದನ್ನು ಬಾಟಲಿಗೆ ಇಳಿಸಿಯೇ ಹೊರಡುತ್ತೇನೆ.